ಜಪಾನನ್ನು ಕಂಡವರ ಬೆರಗೂ ನಮ್ಮ ಹೊಸ್ತಿಲೂ

ಪರದೇಶವನ್ನು ನೋಡಿ ಬಂದವನು ಅಲ್ಲಿ ಮೊದಲು ಯಾವುದನ್ನು ಕಂಡು ಬೆರಗಾದನೆಂದು ಕೇಳಿದರೆ ಆ ದೇಶವು ಎಂಥದೆಂಬುದು ಅರ್ಧ ತಿಳಿಯುತ್ತದೆ. ಅವನ ಸ್ವಂತ ಊರು ಎಂಥದೆಂಬುದು ಪೂರ್ತಿ ತಿಳಿಯುತ್ತದೆ. ಇದ್ದ ಊರಿನಲ್ಲಿ ಇಲ್ಲದ್ದೇ ಹೋದ ಊರಿನಲ್ಲಿ ಕಣ್ಣಿಗೆ ಬೀಳುವುದು ಲೋಕಸ್ವಭಾವ. ಜಪಾನೀಯರ ದಿನಚರಿಯನ್ನು ಮೊದಲ ಬಾರಿಗೆ ಕಂಡ ಪರದೇಶಸ್ಥರು ಹೇಳಿದ ಮಾತುಗಳನ್ನು ಈ ದೃಷ್ಟಿಯಿಂದ ನೋಡಿದರೆ ಕನ್ನಡಿಗರಾದ ನಮಗೆ, ಅದರಲ್ಲಿಯೂ ತುಮಕೂರು ಸೀಮೆಯ ನಾಗರಿಕರಿಗೂ ಉಪಾಧ್ಯಾಯರಿಗೂ, ಯೋಚಿಸತಕ್ಕ ವಿಷಯವು ಬಹಳವಿದೆ. ಆದಕಾರಣ ಈ ವಾರ ಅದನ್ನೇ ವಾಚಕರ ಮುಂದಿಡುತ್ತೇವೆ.

ಜಪಾನು ನಮಗೇನು ಸಂಬಂಧವೆಂದು ಕೇಳುವ ಕಾಲ ಹೋಯಿತು. ಬಿಡದಿಯಲ್ಲಿ 1997ರಲ್ಲಿ ಟೊಯೋಟಾ ಮತ್ತು ಕಿರ್ಲೋಸ್ಕರರ ಮೋಟಾರು ಕಂಪನಿಯು ನೆಲೆಗೊಂಡಿತು. 2007ರಲ್ಲಿ ಅಲ್ಲಿಯೇ ಅದರ ತಾಂತ್ರಿಕ ಶಿಕ್ಷಣಶಾಲೆಯು ತೆರೆದು, ನಮ್ಮ ಹಳ್ಳಿಗಳ ಬಡ ಮಕ್ಕಳು ಜಪಾನಿ ಕ್ರಮದಲ್ಲಿ ಕೆಲಸ ಕಲಿಯತೊಡಗಿದರು. ತುಮಕೂರಿನಿಂದ ಶಿರಾ ಮಾರ್ಗದಲ್ಲಿ ಹೋದರೆ ಸಿಕ್ಕುವ ವಸಂತನರಸಾಪುರದಲ್ಲಿ ಜಪಾನಿ ಉದ್ಯಮಗಳಿಗೆಂದೇ ಒಂದು ಕೈಗಾರಿಕಾ ಪಟ್ಟಣವಾಗಬೇಕೆಂದು ಸರ್ಕಾರವು ಜಾಗವನ್ನು ಗೊತ್ತುಮಾಡಿ ವರ್ಷಗಳೇ ಸಂದಿವೆ. ನಮ್ಮ ಹುಡುಗರು ಅತ್ತ ಹೋಗುವರು. ಅವರ ಯಂತ್ರಜ್ಞರು ಇತ್ತ ಬರುವರು. ಅವರಲ್ಲಿಗೆ ಹೋದವರ ಬೆರಗೇನೆಂಬುದನ್ನು ಈಗಲೇ ತಿಳಿದುಕೊಂಡರೆ, ಇಲ್ಲಿಗೆ ಬಂದವರ ಬೆರಗೇನಾಗಬಹುದೆಂಬುದನ್ನು ನಾವೇ ಊಹಿಸಿಕೊಳ್ಳಬಹುದು.

ಮೊದಲು ಐರೋಪ್ಯರ ಮಾತನ್ನು ನೋಡೋಣ. ಲೂಯಿಸ್ ಫ್ರೋಯಿಶ್ ಎಂಬ ಪೋರ್ತುಗೀಜ ಪಾದ್ರಿಯು 1585ರಲ್ಲಿ ಯೂರೋಪಿನ ನಡೆಯನ್ನೂ ಜಪಾನಿನ ನಡೆಯನ್ನೂ ಎದುರುಬದುರಾಗಿಟ್ಟು ಒಂದು ಗ್ರಂಥವನ್ನೇ ಬರೆದನು. ನಾವು ಎಡಗಾಲಿಟ್ಟು ಕುದುರೆಯೇರಿದರೆ ಇವರು ಬಲಗಾಲಿಟ್ಟು ಏರುವರು ಎಂಬಂಥ ಸಂಗತಿಗಳು ಅದರಲ್ಲಿ ನೂರಾರು. ಕುಣಿಗಲಿನ ಕುದುರೆ ಫಾರಮ್ಮಿನವರು ಇದನ್ನು ಓದಿದರೆ ನಕ್ಕಾರು. ಮುನ್ನೂರು ವರ್ಷಗಳ ತರುವಾಯ ಚೇಂಬರ್ಲೇನ್ ಎಂಬ ಆಂಗ್ಲ ಪಂಡಿತನು, ಅಲ್ಲಿನ ಬಡಗಿಯು ಗರಗಸವನ್ನೂ ಉಜ್ಜುಗೊರಡನ್ನೂ ತನ್ನ ಕಡೆಗೆ ಎಳೆದು ಕೆಲಸಮಾಡುವುದನ್ನು ಕಂಡು, ಅದು ತಲೆಕೆಳಗಾದ ಲೋಕವೆಂಬ ತಲೆಬರಹದಲ್ಲಿಯೇ ಇಂಥವನ್ನೆಲ್ಲ ಕೂಡಿಹಾಕಿದನು. 1878ರಲ್ಲಿ ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಯು ಒಬ್ಬ ದುಭಾಷಿಯನ್ನು ಮಾತ್ರ ಜೊತೆಯಲ್ಲಿಟ್ಟುಕೊಂಡು ಉತ್ತರ ಜಪಾನಿನ ಹಳ್ಳಿಗಾಡನ್ನು ಸುತ್ತಿದಳು. ತನ್ನನ್ನು ನೋಡಲು ಜನ ಮುತ್ತುವುದನ್ನೂ ಛತ್ರಗಳ ಚಿಗಟಗಳನ್ನೂ ದೂರಿದ ಆಕೆಯೇ, ಹೆಂಗಸೊಬ್ಬಳು ಇಷ್ಟು ನಿರ್ಭಯಳಾಗಿ ತಿರುಗಾಡಬಹುದಾದ ದೇಶವು ಬೇರೊಂದಿಲ್ಲವೆಂಬ ಅಭಿಪ್ರಾಯಕ್ಕೆ ಬಂದಳು.

ಇಂದಿಗೂ ಪಶ್ಚಿಮದವರು ಜಪಾನಿಗೆ ಕಾಲಿಟ್ಟೊಡನೆ ಬೆರಗಾಗುವುದು ಕೆರದ ವಿಷಯದಲ್ಲಿ. ಮನೆಯ ಬಾಗಿಲೊಳಗೆ ಒಂದು ತಗ್ಗಿನ ಜಾಗ. ಅಲ್ಲಿ ಕೆರವನ್ನು ಬಿಟ್ಟು, ಅದರ ಮೂತಿಯನ್ನು ಹೊರಗಡೆಗೆ ತಿರುಗಿಸಿಟ್ಟು, ಎತ್ತರದ ನೆಲಕ್ಕೆ ಹತ್ತಬೇಕು. ಶೌಚಗೃಹಕ್ಕೆ ಬೇರೆಯೇ ಮೆಟ್ಟು. ಸ್ನಾನದ ತೊಟ್ಟಿಗೆ ಇಳಿಯುವ ಮುನ್ನ ಹೊರಗೆಯೇ ಮೈತೊಳೆದುಕೊಳ್ಳಬೇಕು. ತೊಟ್ಟಿಯ ನೀರು ಮನೆಮಂದಿಗೆಲ್ಲ ಸೇರಿದ್ದು. ಊಟವಾದರೆ ಚಾಪೆಯ ಮೇಲೆ ಕುಳಿತು. ಶಾವಿಗೆಯಾದರೆ ಸದ್ದುಮಾಡುತ್ತ ಹೀರಿದರೂ ಅಸಭ್ಯವಲ್ಲ. ಉಣ್ಣುವ ಮುನ್ನ ಅನ್ನಕ್ಕೆ ಒಂದು ವಂದನೆಯ ಮಾತು.

ಇವುಗಳಲ್ಲಿ ಯಾವುದಕ್ಕಾದರೂ ಗುಬ್ಬಿಯ ಗೃಹಸ್ಥನೊಬ್ಬನು ಬೆರಗಾದಾನೆಯೇ? ಕೆರವನ್ನು ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಬರುವುದು ನಮ್ಮ ಅಜ್ಜಂದಿರ ಆಚಾರ. ಬೆಳಗಾದರೆ ಹೊಸ್ತಿಲು ಸಾರಿಸಿ, ಅಂಗಳ ಗುಡಿಸಿ, ರಂಗೋಲಿಯಿಡದ ಹೆಣ್ಣುಮಗಳುಂಟೇ? ಎಲೆಯ ಮೇಲಿನ ಸಾರನ್ನು ಸೊರ್ರೆಂದು ಹೀರದ ಹಿರಿಯರುಂಟೇ? ಬಾಗಿಲ ಒಳಗಿನ ಜಪಾನು ನಮಗೆ ನೆಂಟರ ಮನೆಯಂತೆ ಕಾಣುವುದು. ನಮ್ಮವನ ಬೆರಗು ಆರಂಭವಾಗುವುದು ಆ ಮನೆಯಿಂದ ಹೊರಬಿದ್ದು ಬೀದಿಯಲ್ಲಿ ನಿಂತಾಗ.

ಕವಿ ರವೀಂದ್ರನಾಥ ಠಾಕೂರರು 1916ರಲ್ಲಿ ಜಪಾನಿಗೆ ಹೋದಾಗ, ಬೀದಿಯಲ್ಲಿ ಜನವು ಕಿಕ್ಕಿರಿದಿದ್ದರೂ ಗದ್ದಲವಿಲ್ಲದಿರುವುದನ್ನು ಕಂಡು ವಿಸ್ಮಯಪಟ್ಟರು. ನೂರು ವರ್ಷಗಳ ತರುವಾಯವೂ ಭಾರತದಿಂದ ಹೋದವರು ಹೇಳುವುದು ಅದನ್ನೇ. ರೈಲುಬಂಡಿಯಲ್ಲಿ ಕಾಲಿಡಲು ಸ್ಥಳವಿಲ್ಲದಿದ್ದರೂ ಯಾರೂ ಫೋನಿನಲ್ಲಿ ಕೂಗಾಡರು. ಬಂಡಿಯು ತಡವಾದರೆ ಪ್ರಯಾಣಿಕನು ತನ್ನ ಕಚೇರಿಗೆ ತೋರಿಸಲೆಂದು ರೈಲ್ವೆಯವರೇ ತಡವಾದುದಕ್ಕೆ ಚೀಟಿಯನ್ನು ಕೊಡುವರು. 2017ರ ನವೆಂಬರಿನಲ್ಲಿ ಟೋಕಿಯೋ ಸಮೀಪದ ಒಂದು ರೈಲು ಕಂಪನಿಯು, ತನ್ನ ಬಂಡಿಯೊಂದು ವೇಳೆಗಿಂತ 20 ಸೆಕೆಂಡು ಮುಂಚೆ ಹೊರಟುಹೋಯಿತೆಂದು ಸಾರ್ವಜನಿಕರ ಕ್ಷಮೆ ಬೇಡಿತು. ನಾವು ತುಮಕೂರಿನ ಸ್ಟೇಷನ್ನಿನಲ್ಲಿ ನಿಂತು ಆ ಸುದ್ದಿಯನ್ನು ಓದಿದರೆ ಪುರಾಣಶ್ರವಣದಂತೆ ತೋರುವುದು ಸಹಜ.

ಕಳೆದುಹೋದ ಪದಾರ್ಥಗಳ ಮಾತು ಇನ್ನೂ ಸೋಜಿಗ. ಟೋಕಿಯೋ ಪೋಲೀಸರ ಬಳಿಗೆ ವರ್ಷವೊಂದಕ್ಕೆ 40 ಲಕ್ಷಕ್ಕೂ ಮಿಗಿಲಾದ ಬಿದ್ದುಸಿಕ್ಕ ಪದಾರ್ಥಗಳು ಬಂದು ಸೇರುತ್ತವೆ. ಇದು ಬರಿಯ ಸತ್ಯಸಂಧತೆಯ ಫಲವೆಂದು ಭಾವಿಸಬಾರದು. ಬೀದಿಬೀದಿಗೆ ಒಂದು ಚಿಕ್ಕ ಪೋಲೀಸು ಚೌಕಿ. ಸಿಕ್ಕಿದ್ದನ್ನು ತಂದೊಪ್ಪಿಸಿದವನಿಗೆ ಅದರ ಬೆಲೆಯಲ್ಲಿ ನೂರಕ್ಕೆ 5ರಿಂದ 20ರಷ್ಟು ಬಹುಮಾನ. ಮೂರು ತಿಂಗಳೊಳಗೆ ಒಡೆಯನು ಬಾರದಿದ್ದರೆ ಅನೇಕ ಪದಾರ್ಥಗಳು ಸಿಕ್ಕವನಿಗೇ ಸೇರುತ್ತವೆಂಬ ಕಾನೂನು. ಒಳ್ಳೆಯವನಾಗಿರುವುದು ಅಲ್ಲಿ ಸುಲಭವಾಗುವಂತೆ ಏರ್ಪಾಟಾಗಿದೆ. ನಮ್ಮಲ್ಲಿ ಬಿದ್ದ ಚೀಲವನ್ನು ಠಾಣೆಗೆ ಒಯ್ದವನು, ಇದು ನಿನಗೆ ಹೇಗೆ ಸಿಕ್ಕಿತೆಂಬ ಪ್ರಶ್ನೆಗೆ ಹೆದರಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಬೆರಗು ಕಸದ ವಿಷಯದ್ದು. ಬೀದಿಯಲ್ಲಿ ಕಸವಿಲ್ಲ, ಕಸದ ತೊಟ್ಟಿಯೂ ಬಹುಮಟ್ಟಿಗೆ ಇಲ್ಲ. 1995ರ ಮಾರ್ಚಿ 20ರಂದು ಟೋಕಿಯೋ ಸುರಂಗರೈಲಿನಲ್ಲಿ ದುಷ್ಟರು ವಿಷಾನಿಲವನ್ನು ಬಿಟ್ಟು ಜನರನ್ನು ಕೊಂದ ಮೇಲೆ ಅನೇಕ ಕಡೆ ತೊಟ್ಟಿಗಳನ್ನು ತೆಗೆದುಹಾಕಿದರು. ತೊಟ್ಟಿಯು ಹೋದರೂ ಬೀದಿಯು ಕೆಡಲಿಲ್ಲ. ಜನರು ತಮ್ಮ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ದರು. 1998ರಲ್ಲಿ ಫ್ರಾನ್ಸಿನಲ್ಲಿಯೂ 2022ರಲ್ಲಿ ಕತಾರಿನಲ್ಲಿಯೂ ಕಾಲ್ಚೆಂಡಿನ ವಿಶ್ವಪಂದ್ಯಗಳು ನಡೆದಾಗ, ಆಟ ಮುಗಿದ ಮೇಲೆ ಜಪಾನಿ ಪ್ರೇಕ್ಷಕರು ತಾವು ಕುಳಿತ ಸ್ಥಳವನ್ನು ತಾವೇ ಶುಚಿಮಾಡಿದ್ದನ್ನು ಜಗತ್ತೆಲ್ಲ ಕಂಡಿತು.

ಇಷ್ಟನ್ನು ಕೇಳಿದೊಡನೆ ನಮ್ಮ ಸುಶಿಕ್ಷಿತರಲ್ಲಿ ಕೆಲವರು, ಅದು ಅವರ ರಕ್ತಗುಣ, ನಮ್ಮ ಜನಕ್ಕೆ ಬಾರದು ಎಂದು ಕೈಚೆಲ್ಲುವರು. ಇದಕ್ಕಿಂತ ಹೇಡಿತನದ ಮಾತು ಮತ್ತೊಂದಿಲ್ಲ. ಸತ್ಯಕ್ಕೂ ಇದು ದೂರ. 1971ರಲ್ಲಿ ಟೋಕಿಯೋ ನಗರದ ಗವರ್ನರರಾಗಿದ್ದ ಮಿನೋಬೆಯವರು ಕಸದ ಮೇಲೆ ಯುದ್ಧವನ್ನೇ ಸಾರಬೇಕಾಗಿತ್ತು. ಇಡೀ ನಗರದ ಕಸವನ್ನು ಕೋತೋ ಎಂಬ ಕರಾವಳಿಯ ವಿಭಾಗದವರು ಹೊರುತ್ತಿದ್ದರು. ಸಿರಿವಂತರ ಸುಗಿನಾಮಿ ವಿಭಾಗದವರು ತಮ್ಮಲ್ಲಿ ಕಸ ಸುಡುವ ಸ್ಥಾವರವು ಬೇಡವೆಂದು ಹಟ ಹಿಡಿದರು. ಆಗ ಕೋತೋದವರು ರಸ್ತೆಗಿಳಿದು ಸುಗಿನಾಮಿಯ ಕಸದ ಲಾರಿಗಳನ್ನು ತಡೆದು ನಿಲ್ಲಿಸಿದರು. ವರ್ಷಗಟ್ಟಲೆ ಜಗಳವಾದ ಮೇಲೆ ತಂತಮ್ಮ ವಿಭಾಗದ ಕಸಕ್ಕೆ ತಾವೇ ಹೊಣೆಯೆಂಬ ತತ್ತ್ವವು ನೆಲೆಗೊಂಡು, 1980ರ ದಶಕದ ಆದಿಯಲ್ಲಿ ಸುಗಿನಾಮಿಯಲ್ಲಿಯೇ ಸ್ಥಾವರವು ನಡೆಯತೊಡಗಿತು. ರಕ್ತದಲ್ಲಿ ಬಂದ ಗುಣಕ್ಕೆ ಇಷ್ಟು ಯುದ್ಧವೇಕೆ ಬೇಕಾಗುತ್ತಿತ್ತು? ಕಲಿತರು, ಜಗಳವಾಡಿ ಕಲಿತರು.

ನಾವೂ ಆ ಪಾಠದ ಮೊದಲ ಪುಟದಲ್ಲಿದ್ದೇವೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಗ್ರಾಮಸ್ಥರು 2014ರಲ್ಲಿ ಎದ್ದು ನಿಂತು, ಇನ್ನು ತರಬೇಡಿರೆಂದು ಹೇಳಿದ ಕಥೆಯನ್ನು ವಾಚಕರು ಮರೆತಿರಲಾರರು. ತುಮಕೂರು ನಗರದ ಕಸಕ್ಕೂ ಅಜ್ಜಗೊಂಡನಹಳ್ಳಿ ಎಂಬ ಹಳ್ಳಿಯ ನೆರೆಯೇ ನೆಲೆಯಾಗಿದೆ. ನಮ್ಮ ಮನೆಯಿಂದ ಹೊರಬಿದ್ದ ಚೀಲವು ಲೋಕದಿಂದಲೇ ಹೊರಬಿದ್ದಿತೆಂದು ನಾವು ತಿಳಿಯುವೆವು. ಆ ಚೀಲವು ಮತ್ತೊಬ್ಬರ ಹೊಸ್ತಿಲಿಗೆ ಹೋಗಿ ಬೀಳುತ್ತದೆ. ನಮ್ಮ ರೋಗದ ಮೂಲವಿರುವುದು ಇಲ್ಲಿಯೇ. ನಮ್ಮಲ್ಲಿ ಮಡಿಯಿಲ್ಲವೆಂದು ಯಾರು ಹೇಳಿಯಾರು? ಆದರೆ ಆ ಮಡಿಯು ಹೊಸ್ತಿಲಿನಲ್ಲಿ ಮುಗಿಯುತ್ತದೆ. ಒಳಗಿನದನ್ನು ಗುಡಿಸಿ ಹೊರಗೆ ಹಾಕಿದರೆ ನಮಗೆ ಶುದ್ಧಿಯಾಯಿತು. ಜಪಾನೀಯನು ತನ್ನ ಹೊಸ್ತಿಲನ್ನು ಬೀದಿಯ ಕೊನೆಯವರೆಗೂ ಎಳೆದುಕೊಂಡು ಹೋಗಿದ್ದಾನೆ.

ಎಳೆದುಕೊಂಡು ಹೋದದ್ದು ಎಲ್ಲಿ? ಪಾಠಶಾಲೆಯಲ್ಲಿ. ಇಲ್ಲಿ ಉಪಾಧ್ಯಾಯ ಮಹಾಶಯರು ಸ್ವಲ್ಪ ಲಕ್ಷ್ಯಕೊಡಬೇಕೆಂದು ಪ್ರಾರ್ಥನೆ. ಜಪಾನಿನಲ್ಲಿ 1872ರಲ್ಲಿ ಸಾರ್ವತ್ರಿಕ ಶಿಕ್ಷಣದ ಶಾಸನವಾಯಿತು. ನಮ್ಮ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಇಂಜಿನಿಯರರಾಗಿದ್ದಾಗ 1898ರಲ್ಲಿ ಜಪಾನಿಗೆ ಹೋಗಿ ನೋಡಿದ್ದು ಆ ಶಾಸನದ ಫಲವನ್ನು. ದೇವಾಲಯ, ಉದ್ಯಾನಗಳನ್ನು ನೋಡಿ ತಣಿಯದೆ ಅವರು ಶಾಲೆಗಳನ್ನೂ ಕಾರ್ಖಾನೆಗಳನ್ನೂ ವಿಚಾರಿಸಿ ತಿಳಿದುಬಂದರು. 1912ರಲ್ಲಿ ಮೈಸೂರಿನ ದಿವಾನರಾದ ಮೇಲೆ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಎಂದು ಒಂದರ ಮೇಲೊಂದು ಕಾರ್ಯ ನಡೆಯಿತು. ಪ್ರವಾಸಿಯ ಬೆರಗು ಬರಿಯ ಬೆರಗಾಗಿ ಉಳಿಯದೆ ಕೆಲಸವಾಗಿ ಮಾರ್ಪಡುವುದೆಂದರೆ ಹೀಗೆ.

ಅಲ್ಲಿನ ಶಾಲೆಯಲ್ಲಿ ಇಂದು ಪರದೇಶಸ್ಥರನ್ನು ಬೆರಗುಗೊಳಿಸುವ ದೃಶ್ಯವೆಂದರೆ ದಿನವೂ ಕಾಲುಗಂಟೆಯಷ್ಟು ಹೊತ್ತು ಮಕ್ಕಳೆಲ್ಲರೂ ಪೊರಕೆ, ಒದ್ದೆಬಟ್ಟೆಗಳನ್ನು ಹಿಡಿದು ತಮ್ಮ ತರಗತಿಯನ್ನೂ ಮೊಗಸಾಲೆಯನ್ನೂ, ಎಷ್ಟೋ ಶಾಲೆಗಳಲ್ಲಿ ಶೌಚಗೃಹವನ್ನೂ, ತೊಳೆಯುವುದು. ಮಧ್ಯಾಹ್ನದ ಊಟವನ್ನು ಮಕ್ಕಳೇ ಬಿಳಿಯ ಟೋಪಿ ಧರಿಸಿ ಸರದಿಯಂತೆ ಬಡಿಸುವರು. ಉಪಾಧ್ಯಾಯರು ಅವರೊಡನೆಯೇ ಕುಳಿತು ಅದೇ ಊಟವನ್ನು ಉಣ್ಣುವರು. ಆರೇಳು ವರ್ಷದ ಮಕ್ಕಳು ಹಿರಿಯರ ಕಾವಲಿಲ್ಲದೆ ಗುಂಪುಕಟ್ಟಿಕೊಂಡು ಬೀದಿಯಲ್ಲಿ ನಡೆದು ಶಾಲೆಗೆ ಬರುವರು.

ಇದನ್ನು ಕೇಳಿ, ನಾಳೆಯಿಂದ ನಮ್ಮ ಮಕ್ಕಳ ಕೈಗೂ ಪೊರಕೆ ಕೊಡೋಣವೆಂದು ಯಾರಾದರೂ ಎದ್ದರೆ ಅವರನ್ನು ಕ್ಷಣಕಾಲ ತಡೆಯುವುದು ನಮ್ಮ ಧರ್ಮ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಶುಚಿಮಾಡಿಸಿದ ಸುದ್ದಿ ಬಂದಾಗ ನಾಡೇ ತಲೆತಗ್ಗಿಸಿತು. ಇಳಿದವರು ದಲಿತರ ಮಕ್ಕಳು. ನಮ್ಮ ದೇಶದಲ್ಲಿ ಪೊರಕೆಯು ಸಾವಿರಾರು ವರ್ಷಗಳಿಂದ ಒಂದೇ ಕೇರಿಯ ಕೈಯಲ್ಲಿದೆ. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು 1970ರ ದಶಕದ ಆದಿಯಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ನಿಲ್ಲಿಸಿದರು. ಆದರೂ 2013ರಲ್ಲಿ ಕೇಂದ್ರವು ಮತ್ತೊಮ್ಮೆ ಕಾನೂನು ಮಾಡಬೇಕಾಯಿತು. ಇಂಥ ನೆಲದಲ್ಲಿ ಮಕ್ಕಳು ಗುಡಿಸಲಿ ಎಂಬ ಮಾತಿಗೆ, ಯಾರ ಮಕ್ಕಳು ಎಂಬ ಪ್ರಶ್ನೆಯು ತಾನಾಗಿಯೇ ಹುಟ್ಟುತ್ತದೆ. ಆ ಪ್ರಶ್ನೆಗೆ ಉತ್ತರಕೊಡದೆ ಜಪಾನಿನ ಹೆಸರನ್ನು ಹೇಳುವುದು ಆತ್ಮವಂಚನೆ.

ಜಪಾನಿನಲ್ಲಿಯೂ ಈ ಕಳಂಕವಿಲ್ಲದೆ ಇರಲಿಲ್ಲ. ಚರ್ಮದ ಕೆಲಸ, ಹೆಣದ ಕೆಲಸ ಮಾಡುವವರನ್ನು ಊರಹೊರಗಿಟ್ಟ ಪದ್ಧತಿ ಅಲ್ಲಿತ್ತು. 1871ರಲ್ಲಿ ರಾಜಾಜ್ಞೆಯಿಂದ ಅದು ರದ್ದಾಯಿತಾದರೂ ತಾರತಮ್ಯವು ಉಳಿಯಿತು. 1922ರಲ್ಲಿ ಆ ಜನರೇ ಸಂಘಕಟ್ಟಿ ಸಮಾನತೆಗಾಗಿ ಹೋರಾಡಬೇಕಾಯಿತು. ಆದರೆ ಶಾಲೆಯ ಪೊರಕೆಯು ಎಲ್ಲರ ಕೈಗೂ ಬಂದದ್ದರಿಂದ ಗುಡಿಸುವುದು ಹೀನವೆಂಬ ಭಾವನೆಯು ಮಕ್ಕಳ ಮನಸ್ಸಿನಲ್ಲಿ ಬೇರುಬಿಡಲು ಅವಕಾಶ ಕಡಿಮೆಯಾಯಿತು. ನಾವು ಕಲಿಯತಕ್ಕದ್ದು ಇದನ್ನು. ಪೊರಕೆಯು ಸರದಿಯ ಪ್ರಕಾರ ಬರಲಿ. ಮೊದಲ ಸರದಿಯು ಮುಖ್ಯೋಪಾಧ್ಯಾಯರದಾಗಲಿ, ಎರಡನೆಯದು ಊರಿನ ಸಾಹುಕಾರರ ಮಗನದಾಗಲಿ. ಗುಂಡಿಗೂ ಚರಂಡಿಗೂ ಮಕ್ಕಳನ್ನಾಗಲಿ ಮನುಷ್ಯರನ್ನಾಗಲಿ ಇಳಿಸಕೂಡದು. ಅದು ಯಂತ್ರದ ಕೆಲಸ. ಈ ನಿಯಮವಿಲ್ಲದ ಶಾಲೆಯಲ್ಲಿ ಪೊರಕೆಯು ಶಿಕ್ಷಣವಾಗಲಾರದು, ಶಿಕ್ಷೆಯಾದೀತು.

ಇದು ಅಸಾಧ್ಯವೆನ್ನುವವರು ತುಮಕೂರಿನಿಂದ ಎರಡು ಹೆಜ್ಜೆ ನಡೆದು ಸಿದ್ಧಗಂಗೆಗೆ ಹೋಗಿ ನೋಡಲಿ. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಿಂದ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನವೂ ಅಕ್ಷರವೂ ಅಲ್ಲಿ ನಡೆದುಬಂದಿವೆ. ಒಂದೇ ಪಂಕ್ತಿ, ಒಂದೇ ಅಡುಗೆ. ಕಾಯಕವೇ ದೊಡ್ಡದೆಂಬ ಮಾತು ಜಪಾನಿನಿಂದ ಬಂದದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕನ್ನಡದಲ್ಲಿಯೇ ಹುಟ್ಟಿದ್ದು. ಆ ಮಾತನ್ನು ಸಭೆಗಳಲ್ಲಿ ಭಾಷಣಕ್ಕೆ ಬಳಸಿ ಬೀದಿಯಲ್ಲಿ ಮರೆತವರು ನಾವು.

ಮತ್ತೊಂದು ಬೆರಗನ್ನು ಇಲ್ಲಿಯೇ ಸೂಚಿಸಬೇಕು. ಜಪಾನಿಗೆ ಹೋದ ನಮ್ಮ ಪದವೀಧರರು, ಅಲ್ಲಿ ಇಂಜಿನಿಯರನೂ ವೈದ್ಯನೂ ತನ್ನ ವಿದ್ಯೆಯನ್ನು ತನ್ನ ಭಾಷೆಯಲ್ಲಿಯೇ ಓದಿರುವುದನ್ನು ಕಂಡು ಬೆರಗಾಗುತ್ತಾರೆ. ಆರಂಭದಲ್ಲಿ ಅವರಿಗೂ ಪರಭಾಷೆಯೇ ಗತಿಯಾಗಿತ್ತು. ಪರದೇಶದ ಅಧ್ಯಾಪಕರು ಬಂದು ಇಂಗ್ಲಿಷಿನಲ್ಲಿಯೂ ಜರ್ಮನಿನಲ್ಲಿಯೂ ಪಾಠಹೇಳಿದರು. ಆ ವಿದ್ಯೆಯನ್ನು ಕಲಿತ ಜಪಾನೀಯರು ತಮ್ಮ ಮಾತಿಗೆ ಅದನ್ನು ಇಳಿಸಿಕೊಂಡರು. ನಮ್ಮ ಕನ್ನಡ ಸೀಮೆಯು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹರಿದುಹಂಚಿಹೋಗಿದ್ದ ಕಾಲದಲ್ಲಿ, ನಾಡು ಒಂದಾದರೆ ನುಡಿಯೂ ಬೆಳೆಯುವುದೆಂದು ಹಿರಿಯರು ಆಸೆಪಟ್ಟರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ವಸಂತನರಸಾಪುರದ ಯಂತ್ರಗಳ ವಿದ್ಯೆಯನ್ನು ಗುಬ್ಬಿಯ ರೈತನ ಮಗನು ಕನ್ನಡದಲ್ಲಿ ಓದಿ ತಿಳಿಯುವ ದಿನವು ಇನ್ನೂ ಬರಬೇಕಾಗಿದೆ. ನಕಾಶೆಯಲ್ಲಿ ಕೂಡಿದ್ದು ಪುಸ್ತಕದಲ್ಲಿಯೂ ಬೀದಿಯಲ್ಲಿಯೂ ಕೂಡಬೇಕು.

ಜಪಾನಿನದೆಲ್ಲವೂ ಚಿನ್ನವೆಂದು ನಮ್ಮ ಅಭಿಪ್ರಾಯವಲ್ಲ. ದುಡಿದು ದುಡಿದು ಸಾಯುವವರನ್ನು ತಡೆಯಲು 2014ರಲ್ಲಿ ಅಲ್ಲಿ ಕಾನೂನನ್ನೇ ಮಾಡಬೇಕಾಯಿತು. ಶಿಸ್ತು ಎಂಬುದು ಸೇನೆಯ ಕೈಗೆ ಸಿಕ್ಕಿದಾಗ ನೆರೆಯ ದೇಶಗಳು ಏನನ್ನು ಅನುಭವಿಸಿದವೆಂಬುದನ್ನು ಚರಿತ್ರೆಯು ಬಲ್ಲುದು. ಪಶ್ಚಿಮದ ರಾಷ್ಟ್ರಮದವನ್ನು ಅನುಕರಿಸಬೇಡಿರೆಂದು ಠಾಕೂರರು 1916ರಲ್ಲಿಯೇ ಜಪಾನೀಯರಿಗೆ ಅವರ ನೆಲದಲ್ಲಿ ನಿಂತು ಎಚ್ಚರಹೇಳಿದ್ದರು. ಆದಕಾರಣ ಆರಿಸಿ ತೆಗೆದುಕೊಳ್ಳುವ ವಿವೇಕವು ಬೇಕು.

ಆ ವಿವೇಕವನ್ನು ಕಲಿಸಲು ಕುಣಿಗಲು ಸೀಮೆಯ ರೇಷ್ಮೆಯ ಒಕ್ಕಲಿಗರೇ ಸಾಕು. ಜಮ್ಸೆಟ್ಜಿ ಟಾಟಾ ಅವರು 1890ರ ದಶಕದಲ್ಲಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನಿಟ್ಟು ಜಪಾನಿನಿಂದ ತಜ್ಞರನ್ನು ಕರೆಸಿದರು. 1991ರಿಂದ ಮೈಸೂರಿನಲ್ಲಿ ಜಪಾನ್ ಸರ್ಕಾರದ ನೆರವಿನಿಂದ ಹೊಸ ತಳಿಗಳ ಕಾರ್ಯವು ನಡೆಯಿತು. ಜಪಾನಿನ ಹುಳು ಕೊಡುವ ಎಳೆಯು ನೀಳ, ನವುರು. ಆದರೆ ನಮ್ಮ ಬಿಸಿಲನ್ನು ಅದು ತಾಳಲಾರದು. ಮೈಸೂರು ತಳಿಯ ಎಳೆಯು ಗಿಡ್ಡ; ಆದರೆ ವರ್ಷವಿಡೀ ಬದುಕುವ ಗಟ್ಟಿ ಜೀವ. ಆದ್ದರಿಂದ ಮೈಸೂರಿನ ಹೆಣ್ಣುಚಿಟ್ಟೆಗೆ ಜಪಾನಿನ ಕಡೆಯ ಗಂಡುಚಿಟ್ಟೆಯನ್ನು ಕೂಡಿಸಿ ಮಿಶ್ರತಳಿಯನ್ನು ಎಬ್ಬಿಸಿದರು. ಆ ಮಿಶ್ರತಳಿಗೆ ಬೇಕಾದ ಅಪ್ಪಟ ಮೈಸೂರು ಬಿತ್ತನೆಗೂಡನ್ನು ಕುಣಿಗಲು, ಮಾಗಡಿ ಸೀಮೆಯ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ತನ್ನ ಬಿತ್ತನೆಯನ್ನು ಕೆಡಿಸಿಕೊಂಡವನಿಗೆ ಪರರ ತಳಿಯಿಂದ ಲಾಭವಿಲ್ಲ. ಪರರ ತಳಿಯನ್ನು ಮುಟ್ಟೆನೆಂದವನ ಗೂಡು ತೂಕಕ್ಕೆ ಬಾರದು.

ನಮ್ಮ ಮಡಿಯು ನಮ್ಮ ಬಿತ್ತನೆ; ಕಾಯಕವು ನಮ್ಮ ಬಿತ್ತನೆ. ಬೀದಿಯೂ ನನ್ನದೆಂಬ ಭಾವವನ್ನು ಜಪಾನಿನಿಂದ ತಂದು ಅದಕ್ಕೆ ಕೂಡಿಸಬೇಕು. ವಸಂತನರಸಾಪುರಕ್ಕೆ ಬಂದಿಳಿದ ಜಪಾನೀಯನೊಬ್ಬನು ನಾಳೆ ತನ್ನ ಮನೆಗೆ ಕಾಗದ ಬರೆಯುವನು. ತುಮಕೂರಿನಲ್ಲಿ ತಾನು ಕಂಡ ಮೊದಲ ಬೆರಗೇನೆಂದು ಅದರಲ್ಲಿ ಒಂದು ಸಾಲಿರುವುದು. ಆ ಸಾಲಿನಲ್ಲಿ ರಂಗೋಲಿಯಿರುವುದೋ, ರಂಗೋಲಿಯ ಮುಂದಿನ ಕಸದ ರಾಶಿಯಿರುವುದೋ ಎಂಬುದನ್ನು ತೀರ್ಮಾನಿಸತಕ್ಕವರು ಮಹಾನಗರಪಾಲಿಕೆಯವರಷ್ಟೇ ಅಲ್ಲವೆಂದು ವಾಚಕರು ಬಲ್ಲರು. ನಾಳೆ ಬೆಳಿಗ್ಗೆ ಹೊಸ್ತಿಲು ಸಾರಿಸಿದ ಮೇಲೆ ಇನ್ನು ನಾಲ್ಕು ಮಾರು ಮುಂದೆ ಹೋಗಿ ಗುಡಿಸಿದರೆ, ಆ ಪೊರಕೆಯನ್ನು ಮನೆಯ ಗಂಡಸರೂ ಹಿಡಿದರೆ, ನಮ್ಮ ಮಾತು ಸಾರ್ಥಕವಾಯಿತೆಂದು ತಿಳಿಯುವೆವು.